ಕ್ಯಾಮೆರಾ ಲೂಸಿಡಾ: ಕಾಣದ್ದನ್ನು ಬಿಡಿಸುವವರ ಕೈಪಿಡಿ

ಮೊದಲು ಉಪಕರಣವನ್ನು ಪತ್ತೆ ಹಚ್ಚಿ. ನಿಮ್ಮ ಕಾಲೇಜಿನ ಬಾಟನಿ ವಿಭಾಗ ಒಂದಿಷ್ಟು ಹಳೆಯದಾಗಿದ್ದರೆ ಹೊರಗೆಲ್ಲೂ ಅಲೆಯಬೇಕಾಗಿಲ್ಲ. ಸ್ಟಾಕ್ ರಿಜಿಸ್ಟರ್ ತೆರೆಯಿರಿ. ‘ಕ್ಯಾಮೆರಾ ಲೂಸಿಡಾ, ಮಿರರ್ ಟೈಪ್, 2 ನಂ.’ ಎಂಬ ಸಾಲು ಸಿಗುತ್ತದೆ. ಅದನ್ನಿಟ್ಟ ಬೀರುವೂ ಕಣ್ಣೆದುರಿಗೇ ಇರುತ್ತದೆ. ಬೀಗದ ಕೈ ಮಾತ್ರ ಇರುವುದಿಲ್ಲ. ಅದನ್ನು ಕಾಪಾಡಿಕೊಂಡು ಬಂದಿದ್ದ ಅಟೆಂಡರ್ ನಿವೃತ್ತರಾಗಿ ಊರು ಸೇರಿರುತ್ತಾರೆ. ಬೀಗ ಒಡೆಸಲು ಅರ್ಜಿ ಬರೆಯಬೇಡಿ. ಅರ್ಜಿ ಸಹಿಯಾಗಿ ಮರಳುವ ಹೊತ್ತಿಗೆ ನೀವೂ ನಿವೃತ್ತರಾಗಿರುತ್ತೀರಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರಕ್ಕೆ ಕಾಯಿರಿ. ಆ ವಾರ ಎಲ್ಲ ಬೀರುಗಳೂ ತೆರೆಯುತ್ತವೆ, ಎಲ್ಲವಕ್ಕೂ ಬಣ್ಣ ಬೀಳುತ್ತದೆ, ಒಳಗಿನ ಸಾಮಾನು ಬಣ್ಣ ಒಣಗುವವರೆಗೆ ಮೇಜಿನ ಮೇಲಿರುತ್ತದೆ. ಅಷ್ಟು ಹೊತ್ತು ಸಾಕು. ಎರಡರ ಪೈಕಿ ಒಂದು ಮಾತ್ರ ಇರುತ್ತದೆ. ಇನ್ನೊಂದನ್ನು ವಿಚಾರಿಸಬೇಡಿ.

ಕಾಲೇಜಿನ ಋಣವಿಲ್ಲದವರು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿಗೋ, ಮುಂಬೈಯ ಚೋರ್ ಬಜಾರಿಗೋ ಹೋಗಿ. ಮಾರುವವನಿಗೆ ಅದು ಏನೆಂದು ಗೊತ್ತಿರುವುದಿಲ್ಲ. ನಿಮಗೆ ಗೊತ್ತಿದೆ ಎಂಬುದು ಮುಖದಲ್ಲಿ ಕಾಣಕೂಡದು. ಕೈಗೆತ್ತಿಕೊಂಡು, ‘ಇದು ಯಾವ ಗಾಡಿಯ ಕನ್ನಡಿಯಪ್ಪಾ?’ ಎಂದು ಕೇಳಿ. ‘ಬ್ರಿಟಿಷರ ಕಾಲದ್ದು ಸಾರ್, ಗಟ್ಟಿ ಹಿತ್ತಾಳೆ’ ಎನ್ನುತ್ತಾನೆ. ಅರ್ಧ ಬೆಲೆಗೆ ಕೊಂಡು ಬನ್ನಿ. ಅದೂ ಜಾಸ್ತಿಯೇ.

ಸಿಕ್ಕಿದ್ದು ಯಾವ ನಮೂನೆಯದೆಂದು ಗುರುತಿಸಿಕೊಳ್ಳಿ. ಈ ವಂಶದ ಮೂಲಪುರುಷ ಲಂಡನ್ನಿನ ವಿಲಿಯಂ ಹೈಡ್ ವೊಲಾಸ್ಟನ್. 1806ರಲ್ಲಿ ಪೇಟೆಂಟ್ ಪಡೆದ. ನಾಲ್ಕು ಮುಖದ ಒಂದು ಪ್ರಿಸಂ, ಅದನ್ನು ಹಿಡಿಯಲು ಒಂದು ಕಂಬಿ, ಇಷ್ಟೇ ಸಾಮಾನು. ಪ್ರಿಸಂನ ಅಂಚಿನ ಮೇಲೆ ಕಣ್ಣಿನ ಪಾಪೆಯನ್ನು ಸರಿಯಾಗಿ ನಿಲ್ಲಿಸಿದರೆ ಪಾಪೆಯ ಅರ್ಧಕ್ಕೆ ಎದುರಿನ ಬೆಟ್ಟ, ಇನ್ನರ್ಧಕ್ಕೆ ಕೆಳಗಿನ ಕಾಗದ. ಬೆಟ್ಟ ಕಾಗದದ ಮೇಲೇ ಬಂದು ಕೂತಂತೆ ಕಾಣುತ್ತದೆ. ಆಮೇಲೆ ಇದನ್ನು ಮೈಕ್ರೋಸ್ಕೋಪಿನ ಐಪೀಸಿಗೆ ಸಿಕ್ಕಿಸುವ ಬಗೆಗಳು ಒಂದೊಂದಾಗಿ ಬಂದವು. ಲಯನೆಲ್ ಬೀಲ್ ಎಂಬ ಇಂಗ್ಲಿಷ್ ವೈದ್ಯ ಪ್ರಿಸಮ್ಮೂ ಬೇಡವೆಂದು ಒಂದು ಚೂರು ಮಸುಕು ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ ಕೆಲಸ ಮುಗಿಸಿದ. ನಮ್ಮ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಸಿಗುವುದು, ಯೇನಾ ಊರಿನ ಝೈಸ್ ಕಂಪನಿಗಾಗಿ ಅರ್ನ್ಸ್ಟ್ ಅಬೆ 1880ರ ದಶಕದಲ್ಲಿ ರೂಪಿಸಿದ ಉಪಕರಣದ ದೂರದ ಮೊಮ್ಮಕ್ಕಳು.

ಅಬೆಯದನ್ನು ಬಿಚ್ಚದೆ ನೋಡಿ. ಎರಡು ಪ್ರಿಸಂಗಳನ್ನು ಅಂಟಿಸಿ ಮಾಡಿದ ಸಣ್ಣದೊಂದು ಗಾಜಿನ ಘನ. ಅಂಟಿಸಿದ ಮುಖಕ್ಕೆ ಬೆಳ್ಳಿಯ ಲೇಪ, ಲೇಪದ ನಡುವೆ ಒಂದು ಪುಟ್ಟ ತೂತು. ತೂತಿನ ಮೂಲಕ ಸ್ಲೈಡ್ ಕಾಣುತ್ತದೆ. ತೂತಿನ ಸುತ್ತಲಿನ ಬೆಳ್ಳಿಯಲ್ಲಿ, ಪಕ್ಕಕ್ಕೆ ಚಾಚಿದ ಕಂಬಿಯ ತುದಿಯ ಕನ್ನಡಿಯಿಂದ ಬಂದ ಕಾಗದದ ಬಿಂಬ ಕಾಣುತ್ತದೆ. ಎರಡೂ ಕೂಡಿದಾಗ ನಿಮ್ಮ ಪೆನ್ಸಿಲಿನ ಮೊನೆ ಈರುಳ್ಳಿ ಬೇರಿನ ಕೋಶದ ಗೋಡೆಯ ಮೇಲೆಯೇ ನಡೆದಾಡುತ್ತದೆ. ಗೆರೆಯ ಹಿಂದೆ ಹೋದರೆ ಸಾಕು. ಚಿತ್ರ ಬರುವವನ ಕೈಯಲ್ಲೂ ಬಾರದವನ ಕೈಯಲ್ಲೂ ಮೂಡುವುದು ಒಂದೇ ಚಿತ್ರ, ಸ್ಲೈಡಿನಲ್ಲಿ ಇರುವ ಚಿತ್ರ. ಈ ಉಪಕರಣದ ದೊಡ್ಡ ದೋಷವೇ ಇದು. ಇದರಿಂದ ತಪ್ಪಿಸಿಕೊಂಡು ಮಾರ್ಕು, ಪದವಿ, ಬಡ್ತಿಗಳನ್ನು ಕ್ರಮವಾಗಿ ಪಡೆಯುವುದು ಹೇಗೆಂಬುದನ್ನು ಮುಂದೆ ನೋಡಿ.

ಶುದ್ಧೀಕರಣದಿಂದ ಶುರು ಮಾಡಿ. ಹಿತ್ತಾಳೆ ಕಪ್ಪುಗಟ್ಟಿರುತ್ತದೆ. ಆ ಕಾಲದವರು ಅದರ ಮೇಲೆ ತೆಳ್ಳನೆಯ ಮೆರುಗೆಣ್ಣೆ ಬಳಿಯುತ್ತಿದ್ದರು; ಹಳೆಯ ಉಪಕರಣ ಕೂಡಿಡುವವರು ದುಡ್ಡು ಸುರಿಯುವುದೂ ಅದು ಉಳಿದಿದ್ದರೆ ಮಾತ್ರ. ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಲ್ಲಿ ತಿಕ್ಕಿ ಅದನ್ನು ಪೂರ್ತಿ ಎಬ್ಬಿಸಿಬಿಡಿ. ದೇವರ ಮನೆಯ ದೀಪ ಬೆಳಗುವ ದಿನವೇ ಇದನ್ನೂ ಸೇರಿಸಿಕೊಂಡರೆ ಹುಣಸೆಹಣ್ಣು ಉಳಿಯುತ್ತದೆ. ಪ್ರಿಸಂ ಮಂಕಾಗಿದ್ದರೆ ಝೈಲಾಲ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ. ಎರಡು ತುಂಡುಗಳನ್ನು ಹಿಡಿದಿರುವ ಕೆನಡಾ ಬಾಲ್ಸಮ್ ಅಂಟು ಅದರಲ್ಲಿ ಸೊಗಸಾಗಿ ಕರಗುತ್ತದೆ. ಬೆಳಿಗ್ಗೆ ನೋಡಿದರೆ ಒಂದಿದ್ದದ್ದು ಎರಡಾಗಿರುತ್ತದೆ. ಸ್ಟಾಕ್ ರಿಜಿಸ್ಟರಿನ ‘2 ನಂ.’ ಲೆಕ್ಕವೂ ಸರಿಹೋಗುತ್ತದೆ. ಕರಾವಳಿಯವರು ಇಷ್ಟೆಲ್ಲ ಶ್ರಮ ಪಡಬೇಕಾಗಿಲ್ಲ. ಒಂದು ಮಳೆಗಾಲ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಗಾಜಿಗೆ ಬೂಷ್ಟು ತಾನಾಗಿ ಹಬ್ಬುತ್ತದೆ. ಮುಂದೆ ಶಿಲೀಂಧ್ರದ ಪ್ರಾಕ್ಟಿಕಲ್ಲಿಗೆ ಬೇರೆ ಮಾದರಿ ಹುಡುಕಬೇಕಾಗಿಲ್ಲ.

ಈಗ ಐಪೀಸಿಗೆ ಸಿಕ್ಕಿಸಿ. ಸ್ಕ್ರೂ ಬಿಗಿಯಬೇಡಿ, ಚಿತ್ರದ ನಡುವೆ ತಾನಾಗಿ ತಿರುಗಲು ಅದಕ್ಕೊಂದು ಅವಕಾಶವಿರಲಿ. ಪಾಪೆ ತೂತಿಗೆ ನೇರವಾಗಿದ್ದರಷ್ಟೇ ಎರಡೂ ಬಿಂಬ ಕಾಣುತ್ತವೆ, ತಲೆ ಒಂದು ನೂಲಿನಷ್ಟು ಸರಿದರೂ ಅರ್ಧ ಮಾಯ. ಆದ್ದರಿಂದ ಪಕ್ಕದಲ್ಲಿ ಗೆಳೆಯರನ್ನು ಕೂರಿಸಿಕೊಂಡು, ಮಾತಿಗೆ ತಲೆಯಾಡಿಸುತ್ತಾ ಬಿಡಿಸಿ.

ಬೆಳಕಿನ ವಿಷಯದಲ್ಲಿ ತುಸು ಗಮನ ಬೇಕು. ಕಾಗದದ ಮೇಲೆ ಬೆಳಕು ಹೆಚ್ಚಾದರೆ ಸ್ಲೈಡ್ ಅಳಿಸಿಹೋಗುತ್ತದೆ, ಸ್ಲೈಡಿಗೆ ಬೆಳಕು ಹೆಚ್ಚಾದರೆ ಪೆನ್ಸಿಲ್ ಅಳಿಸಿಹೋಗುತ್ತದೆ. ಎರಡನ್ನೂ ಸರಿತೂಗಿಸಲೆಂದೇ ಉಪಕರಣದ ಜೊತೆಗೆ ಹೊಗೆಬಣ್ಣದ ಗಾಜಿನ ಬಿಲ್ಲೆಗಳನ್ನು ಕೊಡುತ್ತಿದ್ದರು. ಒಂದು ಹಾಕಿ, ತೆಗೆದು, ಇನ್ನೊಂದು ಹಾಕಿ ಹದ ನೋಡಬೇಕು. ನಿಮ್ಮ ಪೆಟ್ಟಿಗೆಯಲ್ಲಿ ಅವು ಇರುವುದಿಲ್ಲ. ಯಾವುದೋ ಸೂರ್ಯಗ್ರಹಣಕ್ಕೆ ಯಾರೋ ಒಯ್ದಿರುತ್ತಾರೆ. ಚಿಂತೆ ಬೇಡ. ಟೇಬಲ್ ಲ್ಯಾಂಪನ್ನು ನೇರ ಕಾಗದದ ಮೇಲೆ ಬಗ್ಗಿಸಿ. ಸ್ಲೈಡ್ ಪೂರ್ತಿ ಕಾಣದಂತಾದ ಕೂಡಲೇ ಕೈಗೆ ಎಂಥದೋ ನಿರಾಳ ಬರುತ್ತದೆ. ಅನುಭವಿಗಳು ಇದನ್ನೇ ‘ಕೈ ಕೂತಿತು’ ಎನ್ನುತ್ತಾರೆ.

ಮಾದರಿಯ ತಯಾರಿ. ಸೂರ್ಯಕಾಂತಿಯ ಎಳೆ ಕಾಂಡವನ್ನು ತೆಗೆದುಕೊಂಡು ಬ್ಲೇಡಿನಿಂದ ಸೆಕ್ಷನ್ ಕತ್ತರಿಸಿ. ತೆಳ್ಳಗೆ, ಅಡ್ಡಕ್ಕೆ ನೇರವಾಗಿ, ಪೂರ್ತಿ ವೃತ್ತವಾಗಿ ಬರಬೇಕೆಂದು ಪುಸ್ತಕ ಹೇಳುತ್ತದೆ. ನಿಮಗೆ ಬರುವುದು ಒಂದು ಕಡೆ ಕಾಗದದಷ್ಟು ತೆಳು, ಇನ್ನೊಂದು ಕಡೆ ರೊಟ್ಟಿಯಷ್ಟು ದಪ್ಪ, ನಡುವೆ ಬೆಂಡು ಹರಿದ ಅರ್ಧಚಂದ್ರ. ಅದನ್ನೇ ಸ್ಯಾಫ್ರನಿನ್‌ನಲ್ಲಿ ಮುಳುಗಿಸಿ, ಮರೆತು, ಕ್ಯಾಂಟೀನಿಗೆ ಹೋಗಿ ಬನ್ನಿ. ಅಷ್ಟರಲ್ಲಿ ಬಣ್ಣ ಹಿಡಿಯಬೇಕಾದದ್ದು, ಹಿಡಿಯಬಾರದ್ದು ಎಲ್ಲವೂ ಒಂದೇ ಕೆಂಪಾಗಿರುತ್ತದೆ. ಗ್ಲಿಸರಿನ್ ಹನಿ ಹಾಕಿ, ಕವರ್‌ಸ್ಲಿಪ್ಪನ್ನು ಸೂಜಿಯ ಆಸರೆಯಲ್ಲಿ ನಿಧಾನ ಇಳಿಸದೆ ಮೇಲಿನಿಂದ ಪಟ್ಟನೆ ಬಿಡಿ.

ಹೀಗೆ ಬಿಟ್ಟರೆ ಗಾಳಿಗುಳ್ಳೆಗಳು ಸಿಗುತ್ತವೆ. ಹೊಸಬರಿಗೆ ಅತ್ಯಂತ ಸಂತೋಷ ಕೊಡುವ ನೋಟ ಇದು. ದಪ್ಪ ಕಪ್ಪು ಅಂಚಿನ, ದೋಷವಿಲ್ಲದ ವೃತ್ತ. ಒಳಗೆ ಮುತ್ತಿನ ಹೊಳಪು. ಫೋಕಸ್ ತಿರುಗಿಸಿದರೆ ಅಂಚು ದಪ್ಪವಾಗುತ್ತದೆ, ತೆಳ್ಳಗಾಗುತ್ತದೆ, ಜೀವವಿದ್ದಂತೆಯೇ ಕಾಣುತ್ತದೆ. ಇಡೀ ಸ್ಲೈಡಿನಲ್ಲಿ ಇಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ಮೊದಲು ಅದನ್ನೇ ಬಿಡಿಸಿ. ‘ಸ್ಪೋರ್’ ಎಂದು ಲೇಬಲ್ ಹಾಕಿ. ಎರಡು ಅಂಟಿಕೊಂಡಿದ್ದರೆ ‘ವಿಭಜನೆಯ ಹಂತದಲ್ಲಿರುವ ಸ್ಪೋರ್’ ಎನ್ನಿ. ನೋಟದ ಒಂದು ಬದಿಯಿಂದ ಕರೀ ಕಡ್ಡಿಗಳ ಸಾಲು ಇಳಿಬಿದ್ದಂತೆ ಕಂಡರೆ ಅದು ನಿಮ್ಮ ಕಣ್ಣಿನ ರೆಪ್ಪೆ. ‘ಬಹುಕೋಶೀಯ ರೋಮ’ ಎಂದು ಬರೆಯಿರಿ. ಸೂರ್ಯಕಾಂತಿಯ ಕಾಂಡಕ್ಕೆ ನಿಜವಾಗಿಯೂ ಅಂಥ ರೋಮಗಳಿರುವುದರಿಂದ ಯಾರೂ ಆಕ್ಷೇಪಿಸುವುದಿಲ್ಲ. ಇನ್ನು ನೋಡುತ್ತಿದ್ದಂತೆ ಮೆಲ್ಲಗೆ ತೇಲಿಹೋಗುವ, ಹಿಡಿಯಲು ಹೋದರೆ ಜಾರುವ ಪಾರದರ್ಶಕ ಸರಪಣಿ ಇರುತ್ತದೆ. ಅದು ನಿಮ್ಮ ಕಣ್ಣುಗುಡ್ಡೆಯ ಒಳಗಿನ ಕಸ. ಅದನ್ನು ಪಾಚಿಯ ಪ್ರಾಕ್ಟಿಕಲ್ಲಿಗೆಂದು ತೆಗೆದಿರಿಸಿ.

ಇಷ್ಟಾದ ಮೇಲೂ ಸ್ಲೈಡಿನಲ್ಲಿ ಕಾಣುವುದಕ್ಕೂ ಪಠ್ಯಪುಸ್ತಕಕ್ಕೂ ತಾಳೆಯಾಗದೆ ಗಾಬರಿಯಾಗಬಹುದು. ಪುಸ್ತಕದಲ್ಲಿ ನಾಳಕೂರ್ಚಗಳು ಉಂಗುರದಂತೆ ಸಮದೂರದಲ್ಲಿ ಕೂತಿವೆ. ನಿಮ್ಮ ಸೆಕ್ಷನ್ನಿನಲ್ಲಿ ಎರಡು ಕಾಣುತ್ತವೆ, ಮೂರನೆಯದು ಹರಿದಿದೆ. ಗಾಬರಿ ಬೇಡ. ಸೀನಿಯರೊಬ್ಬರ ರೆಕಾರ್ಡ್ ಪುಸ್ತಕ ತನ್ನಿ. ಎಕ್ಸ್‌ಟರ್ನಲ್ ಪರೀಕ್ಷಕರ ಸಹಿಯಾದದ್ದೇ ಆಗಲಿ. ವೊಲಾಸ್ಟನ್ ನಮೂನೆಯ ಪ್ರಿಸಂ ಸಿಕ್ಕಿದ್ದರೆ ನಿಮ್ಮ ಪುಣ್ಯ: ಮೈಕ್ರೋಸ್ಕೋಪನ್ನು ಆಚೆ ಸರಿಸಿ, ಆ ರೆಕಾರ್ಡನ್ನು ಪ್ರಿಸಂನ ಎದುರಿಗೆ ನೆಟ್ಟಗೆ ನಿಲ್ಲಿಸಿ, ಕೆಳಗಿನ ಕಾಗದದ ಮೇಲೆ ಗೆರೆ ತಿದ್ದಿ. ಚಿತ್ರಗಳ ನಕಲಿಗೆ ಈ ಉಪಕರಣ ಬಲು ಯೋಗ್ಯ. ಆ ಸೀನಿಯರೂ ತನ್ನ ಸೀನಿಯರದನ್ನೇ ನೋಡಿ ಬಿಡಿಸಿರುತ್ತಾನೆ. ಹಾಗೆ ಹಿಂದೆ ಹಿಂದೆ ಹೋದರೆ ಎಲ್ಲೋ ಒಬ್ಬ ನಿಜವಾಗಿಯೂ ಸೂರ್ಯಕಾಂತಿಯನ್ನು ಕತ್ತರಿಸಿರಬೇಕು. ಆ ಪುಣ್ಯಾತ್ಮನ ಹೆಸರನ್ನು ಹುಡುಕುತ್ತಾ ಸಮಯ ಹಾಳುಮಾಡಬೇಡಿ. ನಡುವೆ ಯಾರಾದರೂ ಫ್ಲೋಯಮ್ಮಿನ ಜಾಗದಲ್ಲಿ ಝೈಲಮ್ ಎಂದು ಬರೆದಿದ್ದರೆ ಅದನ್ನೂ ಹಾಗೆಯೇ ಉಳಿಸಿ. ಪರಂಪರೆಯನ್ನು ತಿದ್ದಲು ನೀವು ಯಾರು?

ಇದು ಸಣ್ಣವರ ಕಳ್ಳದಾರಿ ಎಂದು ಅಳುಕಬೇಡಿ. ದೊಡ್ಡವರು ನಡೆದ ಹೆದ್ದಾರಿ ಇದು. ಡಚ್ಚರ ನಿಕೋಲಾಸ್ ಹಾರ್ಟ್‌ಸೂಕರ್ 1694ರಲ್ಲಿ ವೀರ್ಯಾಣುವಿನ ತಲೆಯೊಳಗೆ ಮೊಣಕಾಲು ಅಪ್ಪಿಕೊಂಡು ಕೂತ ಪುಟ್ಟ ಮನುಷ್ಯನ ಚಿತ್ರ ಅಚ್ಚು ಹಾಕಿಸಿದ. ಕಂಡೆ ಎಂದು ಅವನು ಹೇಳಲಿಲ್ಲ, ಕಾಣುವಂತಿದ್ದರೆ ಹೀಗೆ ಕಾಣಬಹುದು ಎಂದ. ಈ ಎಚ್ಚರಿಕೆಯ ಮಾತನ್ನು ಜನ ಅಂದೇ ಮರೆತರು, ಚಿತ್ರವನ್ನು ಇಂದಿಗೂ ಮರೆತಿಲ್ಲ. ನೀವೂ ಹಾಗೆಯೇ ಮಾಡಿ: ಸಂಶಯವನ್ನು ಗದ್ಯದಲ್ಲಿಡಿ, ಖಾತ್ರಿಯನ್ನು ಚಿತ್ರದಲ್ಲಿಡಿ. ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಇನ್ನೂ ಮಿತವ್ಯಯಿ. 1868ರ ತನ್ನ ಪುಸ್ತಕದಲ್ಲಿ ನಾಯಿ, ಕೋಳಿ, ಆಮೆ ಮೂರರ ಭ್ರೂಣಗಳೂ ಆರಂಭದಲ್ಲಿ ಒಂದೇ ಥರ ಇರುತ್ತವೆಂದು ತೋರಿಸಲು ಒಂದೇ ಮರದ ಅಚ್ಚನ್ನು ಮೂರು ಸಲ ಒತ್ತಿಸಿದ. ಹೋಲಿಕೆ ಅಕ್ಷರಶಃ ಪರಿಪೂರ್ಣವಾಗಿತ್ತು. ಬಾಸೆಲ್‌ನ ಲುಡ್ವಿಗ್ ರ್ಯೂಟಿಮಾಯರ್ ಅದನ್ನು ಹಿಡಿದ. ಇಲ್ಲಿ ಕಲಿಯಬೇಕಾದದ್ದು ಒಂದೇ: ಅಚ್ಚನ್ನು ಮರುಬಳಸುವಾಗ ಕನಿಷ್ಠ ತಲೆಕೆಳಗಾದರೂ ಮಾಡಿ.

ಎಣಿಕೆಯ ವಿಷಯಕ್ಕೆ ಟೆಕ್ಸಾಸಿನ ಥಿಯೋಫಿಲಸ್ ಪೇಂಟರ್ ಅವರನ್ನು ಗುರುವಾಗಿ ಸ್ವೀಕರಿಸಿ. ಮನುಷ್ಯನ ಕ್ರೋಮೋಸೋಮುಗಳನ್ನು ಬಿಡಿಸಿ, ಎಣಿಸಿ, 46ಕ್ಕೂ 48ಕ್ಕೂ ನಡುವೆ ತೂಗಾಡಿ, 1923ರಲ್ಲಿ 48 ಎಂದು ತೀರ್ಮಾನಿಸಿದರು. ಪದರ ಪದರವಾಗಿ ಕತ್ತರಿಸಿದ ಸೆಕ್ಷನ್ನುಗಳಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿರುವ ಆ ದಾರದ ಚೂರುಗಳನ್ನು ಬಿಡಿಸಿ ನೋಡಿದವರಿಗೇ ಅವರ ಕಷ್ಟ ಗೊತ್ತು. ಅವರನ್ನು ಬೈಯಬೇಡಿ. ಅವರ ನಂತರದವರನ್ನು ನೋಡಿ ಕಲಿಯಿರಿ. 1956ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ತ್ಜಿಯೋ ಮತ್ತು ಆಲ್ಬರ್ಟ್ ಲೆವಾನ್ 46 ಎಂದು ಪ್ರಕಟಿಸುವವರೆಗೆ, ಮೂರು ದಶಕಕ್ಕೂ ಹೆಚ್ಚು ಕಾಲ, ಪಠ್ಯಪುಸ್ತಕಗಳೆಲ್ಲ 48ಕ್ಕೆ ಅಂಟಿಕೊಂಡಿದ್ದವು. ಮೊದಲೇ ಉತ್ತರ ಗೊತ್ತಿದ್ದರೆ ಕಣ್ಣಿಗೆ ಬೇಕಾದಷ್ಟು ಸಿಗುತ್ತದೆ. ಎತ್ತು ಈಯಿತು ಎಂದು ಮೇಷ್ಟ್ರು ಹೇಳಿದ ಮೇಲೆ ಕರುವಿನ ಚಿತ್ರ ಬಿಡಿಸುವುದಷ್ಟೇ ಶಿಷ್ಯನ ಕೆಲಸ.

ಈರುಳ್ಳಿ ಬೇರಿನ ತುದಿಯಲ್ಲಿ ಇದನ್ನು ಅಭ್ಯಾಸ ಮಾಡಿ. ಅಸಿಟೋಕಾರ್ಮೈನ್ ಹಾಕಿ, ಬಿಸಿ ತೋರಿಸಿ, ಹೆಬ್ಬೆರಳಿನಿಂದ ಒತ್ತಿ. ಕಾಣುವ ಕೋಶಗಳಲ್ಲಿ ಬಹುಪಾಲು ವಿಭಜನೆಯ ಗೋಜಿಗೇ ಹೋಗದೆ ಸುಮ್ಮನೆ ಕೂತಿರುತ್ತವೆ. ಪ್ರಶ್ನೆಪತ್ರಿಕೆ ಮಾತ್ರ ನಾಲ್ಕು ಹಂತಗಳನ್ನೂ ಕೇಳಿರುತ್ತದೆ. ಸುಮ್ಮನಿರುವ ಕೋಶವೊಂದರ ಗೋಡೆಯನ್ನು ಕ್ಯಾಮೆರಾ ಲೂಸಿಡಾದಲ್ಲಿ ಶ್ರದ್ಧೆಯಿಂದ ಎಳೆಯಿರಿ. ಗೋಡೆ ನಿಜವಿರಲಿ. ಒಳಗೆ ಬೇಕಾದ ಹಂತವನ್ನು ನೀವೇ ತುಂಬಿ. ಈರುಳ್ಳಿಗೆ 16 ಕ್ರೋಮೋಸೋಮು. ಎಣಿಸಿ ಬಿಡಿಸಿದರೆ ಸಂಶಯ ಬರುತ್ತದೆ. 14 ಸ್ಪಷ್ಟವಾಗಿ ಬಿಡಿಸಿ, ಉಳಿದೆರಡು ಹಿಂದೆ ಅಡಗಿವೆ ಎನ್ನಿ. ಇಷ್ಟು ಪ್ರಾಮಾಣಿಕ ವಿದ್ಯಾರ್ಥಿಯನ್ನು ಯಾವ ಎಕ್ಸ್‌ಟರ್ನಲ್ಲೂ ಫೇಲ್ ಮಾಡುವುದಿಲ್ಲ.

ಈಗ ಕನ್ನಡಿ. ಅದು 45 ಡಿಗ್ರಿಯಲ್ಲಿರಬೇಕು, ಕಾಗದ ಸಮತಟ್ಟಾಗಿರಬೇಕು. ಕನ್ನಡಿ 5 ಡಿಗ್ರಿ ಜಾರಿದರೆ ಕಾಗದವಿಟ್ಟ ಹಲಗೆಯನ್ನು 10 ಡಿಗ್ರಿ ಓರೆ ಮಾಡಿ ಸರಿಪಡಿಸಬೇಕು, ಇಲ್ಲವಾದರೆ ದುಂಡಗಿನದೆಲ್ಲ ಮೊಟ್ಟೆಯಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಶಾಸ್ತ್ರದಲ್ಲಿ ನೆಲ ಅಕ್ಷರಶಃ ಡೊಂಕಾಗಿರುತ್ತದೆ ಎಂಬುದನ್ನು ನೆನಪಿಡಿ, ವೈವಾದಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಈ ಡೊಂಕಿಗೆ ಇನ್ನೂ ದೊಡ್ಡ ಪ್ರಯೋಜನವಿದೆ. ಎಂ.ಎಸ್ಸಿ. ದಾಟಿ ಸಂಶೋಧನೆಗೆ ಬಂದವರು ಇದನ್ನು ಚೆನ್ನಾಗಿ ಓದಿಕೊಳ್ಳಿ.

ಜಿಗಿಹುಳುಗಳಂಥ ಸಣ್ಣ ಕೀಟಗಳಲ್ಲಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವುದು ಅನೇಕ ಸಲ ಗಂಡಿನ ಜನನಾಂಗದ ಆಕಾರ. ಆ ಕೊಕ್ಕೆ, ಆ ಮುಳ್ಳು, ಅದರ ಬಾಗು. ತಜ್ಞರು ಅದನ್ನು ಗ್ಲಿಸರಿನ್‌ನಲ್ಲಿಟ್ಟು, ಒಂದೇ ಭಂಗಿಗೆ ತಂದು, ಮೈಕ್ರೋಸ್ಕೋಪಿಗೆ ಕ್ಯಾಮೆರಾ ಲೂಸಿಡಾದ ಈಗಿನ ರೂಪವಾದ ಡ್ರಾಯಿಂಗ್ ಟ್ಯೂಬ್ ಸಿಕ್ಕಿಸಿ ಬಿಡಿಸುತ್ತಾರೆ. ಗ್ಲಿಸರಿನ್‌ನಲ್ಲಿ ಅದು ಒಂಚೂರು ಹೊರಳಿದರೂ ಕೊಕ್ಕೆಯ ಬಾಗು ಬೇರೆಯಾಗಿ ಕಾಣುತ್ತದೆ. ನೀವು ಅದನ್ನು ಹೊರಳಲು ಬಿಡಿ. ಸಾಲದಿದ್ದರೆ ಕನ್ನಡಿಯನ್ನೂ ತುಸು ಜಾರಿಸಿ. ನಿಮ್ಮ ಮುಂದೆ ಈಗ ಹೊಸ ಪ್ರಭೇದವಿದೆ. ಅದಕ್ಕೆ ನಿಮ್ಮ ಹೆಸರಿಟ್ಟುಕೊಳ್ಳುವುದು ಮರ್ಯಾದೆಯಲ್ಲ, ಗೈಡ್ ಹೆಸರಿಡಿ. ಗೈಡ್ ಹೆಸರಿನ ಹುಳುವನ್ನು ಪರೀಕ್ಷಿಸುವ ಧೈರ್ಯ ವಿಭಾಗದಲ್ಲಿ ಯಾರಿಗೂ ಬರುವುದಿಲ್ಲ, ಗೈಡಿಗಂತೂ ಬರುವುದೇ ಇಲ್ಲ.

ಎಡ ಬಲ ಅದಲುಬದಲಾಗುವುದನ್ನು ಬಹಳ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬೀಲ್ ಗಾಜಿನಂಥ ಒಂದೇ ಪ್ರತಿಫಲನದ ಉಪಕರಣದಲ್ಲಿ ಚಿತ್ರ ಕನ್ನಡಿಯ ಬಿಂಬದಂತೆ ತಿರುಗುತ್ತದೆ. ಬಲಕ್ಕೆ ಸುತ್ತುವ ಶಂಖ ಎಡಕ್ಕೆ ಸುತ್ತುತ್ತದೆ, ಅಷ್ಟೇ. ಆಕ್ಷೇಪ ಬಂದರೆ ರೆಂಬ್ರಾಂಟ್ ಹೆಸರು ಹೇಳಿ. 1650ರಲ್ಲಿ ಆತ ತಾಮ್ರದ ತಗಡಿನ ಮೇಲೆ ಕೊರೆದ ಶಂಖದ ಚಿತ್ರ ಅಚ್ಚಿನಲ್ಲಿ ತಿರುಗಿ, ಪ್ರಕೃತಿಯಲ್ಲಿರುವುದಕ್ಕೆ ವಿರುದ್ಧವಾಗಿ ಸುತ್ತಿಕೊಂಡಿದೆ. ತನ್ನ ಸಹಿಯನ್ನು ಮಾತ್ರ ನೇರ ಬರುವಂತೆ ಕೊರೆದುಕೊಂಡಿದ್ದ. ಯಾವುದಕ್ಕೆ ಎಷ್ಟು ಎಚ್ಚರ ವಹಿಸಬೇಕೆಂಬುದು ಇದರಿಂದ ತಿಳಿಯುತ್ತದೆ.

ಅಳತೆ. ಕಣ್ಣಿನಿಂದ ಕನ್ನಡಿಯ ಮೂಲಕ ಕಾಗದದವರೆಗಿನ ದೂರ 250 ಮಿ.ಮೀ. ಇದ್ದರೆ ಮಾತ್ರ ಐಪೀಸು, ಆಬ್ಜೆಕ್ಟಿವ್‌ಗಳ ಮೇಲಿನ ಅಂಕಿಗಳ ಗುಣಲಬ್ಧ ಚಿತ್ರಕ್ಕೂ ಅನ್ವಯಿಸುತ್ತದೆ. ದೂರ 375 ಮಿ.ಮೀ. ಆದರೆ 400 ಪಟ್ಟು ಎಂದುಕೊಂಡದ್ದು 600 ಪಟ್ಟು ಆಗಿರುತ್ತದೆ. ಈ ಗೊಂದಲ ಬೇಡವೆಂದು ಸಾಂಪ್ರದಾಯಿಕರು ಸ್ಟೇಜ್ ಮೈಕ್ರೋಮೀಟರ್ ಇಡುತ್ತಾರೆ: ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದ ಗಾಜಿನ ಪಟ್ಟಿ, ಒಂದೊಂದು ಮನೆ 10 ಮೈಕ್ರಾನ್. ಸ್ಲೈಡ್ ತೆಗೆದು ಅದನ್ನಿಟ್ಟು, ಏನನ್ನೂ ಅಲುಗಿಸದೆ, ಆ ಗೆರೆಗಳನ್ನು ಅದೇ ಕಾಗದದ ಮೇಲೆ ಎಳೆದರೆ ಅಳತೆಪಟ್ಟಿ ಸಿದ್ಧ. ಎರಡು ನಿಮಿಷದ ಕೆಲಸ. ಅದಕ್ಕೇ ಯಾರೂ ಮಾಡುವುದಿಲ್ಲ. ನೀವು ಚಿತ್ರದ ಕೆಳಗೆ ‘400 X’ ಎಂದು ಬರೆದು ಅಡಿಗೆರೆ ಎಳೆಯಿರಿ. ಆಮೇಲೆ ಅಚ್ಚಿಗೆ ಹೋಗುವಾಗ ಚಿತ್ರವನ್ನು ಅರ್ಧಕ್ಕೆ ಇಳಿಸುತ್ತಾರೆ, ಜೆರಾಕ್ಸಿನವನು ಮತ್ತೆ ಸ್ವಲ್ಪ ಹಿಗ್ಗಿಸುತ್ತಾನೆ, ‘400 X’ ಮಾತ್ರ ಕದಲುವುದಿಲ್ಲ.

ಶಾಯಿ ಹಾಕುವಾಗ ಬಣ್ಣ ತುಂಬಬೇಡಿ, ನೆರಳನ್ನು ಚುಕ್ಕಿಗಳಿಂದಲೇ ತೋರಿಸಬೇಕೆಂಬುದು ಈ ಕಲೆಯ ನಿಯಮ. 0.1ರ ರೋಟ್ರಿಂಗ್ ಪೆನ್ನು ಹಿಡಿದು ಟ್ರೇಸಿಂಗ್ ಕಾಗದದ ಮೇಲೆ ಚುಕ್ಕಿ ಇಡುತ್ತಾ ಹೋಗಿ. ಪರಿಣತರು ಅವುಗಳನ್ನು ಚದುರಿಸಿ, ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಇಟ್ಟು ಉಬ್ಬು ತಗ್ಗು ತರುತ್ತಾರೆ. ನೀವು ಅಂಗಳದ ರಂಗೋಲಿಯಂತೆ ಸಾಲುಸಾಲಾಗಿ ಇಡಿ, ಎಣಿಸಲು ಸುಲಭ. ಚುಕ್ಕಿ ಇಡುತ್ತಾ ಮುಂಗೈಯನ್ನು ಒಣಗದ ಶಾಯಿಯ ಮೇಲೆ ಎಳೆದರೆ ಬರುವ ಕಪ್ಪು ಬರೆಗೆ ‘ಕಾಲೆಂಕೈಮಾ’ ಎಂದು ಲೇಬಲ್ ಕೊಡಿ. ಲೇಬಲ್ ಮಾತ್ರ ಧಾರಾಳವಾಗಿರಲಿ. ಗೆರೆಗಳು ಸ್ಕೇಲ್ ಇಟ್ಟು ಎಳೆದಂತಿರಲಿ, ಎಲ್ಲವೂ ಬಲಬದಿಗೇ ಬರಲಿ, ಅಕ್ಷರ ದುಂಡಗಿರಲಿ. ಪರೀಕ್ಷಕರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಬಹಳ ಸಲ ಅಲ್ಲಿಂದಲೇ ಹಿಂತಿರುಗುತ್ತದೆ.

ಮೊಬೈಲನ್ನು ಐಪೀಸಿಗೆ ಹಿಡಿದು ಫೋಟೊ ತೆಗೆಯಿರೆಂದು ಯಾರಾದರೂ ಸಲಹೆ ಕೊಡುತ್ತಾರೆ. ಕೇಳಬೇಡಿ. ಫೋಟೊ ಒಂದೇ ಮಟ್ಟವನ್ನು ತೋರಿಸುತ್ತದೆ, ಚಿತ್ರಕಾರ ಫೋಕಸ್ ಏರಿಳಿಸುತ್ತಾ ಹಲವು ಮಟ್ಟಗಳನ್ನು ಒಂದೇ ಚಿತ್ರದಲ್ಲಿ ಕೂಡಿಸಬಲ್ಲ ಎಂದು ಗಂಭೀರವಾಗಿ ಉತ್ತರಿಸಿ. ಈ ಮಾತು ನಿಜವೂ ಹೌದು. ನಿಜವಾದ ಕಾರಣವನ್ನು ಹೇಳಬೇಡಿ. ಫೋಟೊ ಸಾಕ್ಷಿಯಾಗಿ ಉಳಿಯುತ್ತದೆ.

ಏನು ಮಾಡಿದರೂ ಚಿತ್ರ ಬಾರದಿದ್ದರೆ ಹೆನ್ರಿ ಫಾಕ್ಸ್ ಟಾಲ್ಬಟ್ ಮಾರ್ಗವೊಂದು ಉಳಿದಿದೆ. 1833ರ ಅಕ್ಟೋಬರಿನಲ್ಲಿ ಇಟಲಿಯ ಕೋಮೋ ಸರೋವರದ ದಡದಲ್ಲಿ ವೊಲಾಸ್ಟನ್ನನ ಪ್ರಿಸಂ ಹಿಡಿದು ಕೂತ ಆ ಇಂಗ್ಲಿಷ್ ಗೃಹಸ್ಥನಿಗೆ ಒಂದು ಗೆರೆಯೂ ನೆಟ್ಟಗೆ ಬರಲಿಲ್ಲ. ಬೇಸತ್ತು, ಬಿಂಬ ಕಾಗದದ ಮೇಲೆ ತಾನಾಗಿ ಅಚ್ಚಾಗುವಂತಿದ್ದರೆ ಎಂದು ಯೋಚಿಸಿ, ಊರಿಗೆ ಮರಳಿ ಬೆಳ್ಳಿಯ ಲವಣ ಹಚ್ಚಿದ ಕಾಗದದೊಂದಿಗೆ ಒದ್ದಾಡಿ, 1839ರ ಹೊತ್ತಿಗೆ ಫೋಟೊಗ್ರಫಿಯ ಜನಕರಲ್ಲಿ ಒಬ್ಬನಾದ. ಸೋಲುವುದಾದರೆ ಇಷ್ಟು ಚೆನ್ನಾಗಿ ಸೋಲಿ. ಅಷ್ಟು ಬಿಡುವಿಲ್ಲದವರು ಸಪ್ಲಿಮೆಂಟರಿ ಪರೀಕ್ಷೆಗೆ ಅರ್ಜಿ ಹಾಕಿ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಕೆಲವರಿಗೆ ಕಂಡದ್ದನ್ನೇ ಬಿಡಿಸುವ ಚಟ ಹತ್ತಿಬಿಡುತ್ತದೆ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರಿಗೆ ಹತ್ತಿತ್ತು. ಆರ್ಕಿಡ್‌ಗಳ ಭ್ರೂಣವನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡುತ್ತಾ, ಕಾಡು ಸುತ್ತಿ ಗಿಡಗಳನ್ನು ಕಣ್ಣಾರೆ ಕಂಡು, ಅವುಗಳ ಚಿತ್ರವನ್ನು ತಮ್ಮ ಕೈಯಾರೆ ಬರೆದು, ಪಕ್ಕದಲ್ಲಿ ಕನ್ನಡ ಬೇರೆ ಬರೆದರು. ಹೀಗೆ ಮಾಡಿದರೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯವರೆಗೂ ಹೋಗುವ ಅಪಾಯವಿದೆ. ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಹಾಗೇ ಆಯಿತು. ನಿಮ್ಮಲ್ಲಿ ಇದರ ಲಕ್ಷಣ ಕಂಡರೆ, ಅಂದರೆ ಸ್ಲೈಡಿನಲ್ಲಿ ಇಲ್ಲದ ಕೋಶವನ್ನು ಸೇರಿಸಲು ಕೈ ಹಿಂಜರಿದರೆ, ಪುಸ್ತಕಕ್ಕಿಂತ ಭಿನ್ನವಾದದ್ದು ಕಂಡಾಗ ಎದೆ ಜೋರಾಗಿ ಹೊಡೆದುಕೊಂಡರೆ, ಕೂಡಲೇ ಮೈಕ್ರೋಸ್ಕೋಪಿಗೆ ಕವರ್ ಹಾಕಿ ಮನೆಗೆ ಹೋಗಿ.

ಪರೀಕ್ಷೆಯ ದಿನ ಎಕ್ಸ್‌ಟರ್ನಲ್ ನಿಮ್ಮ ಚಿತ್ರ ನೋಡಿ, ‘ಬಹಳ ಚೆನ್ನಾಗಿದೆಯಲ್ಲಪ್ಪಾ, ಸ್ಲೈಡ್ ತೋರಿಸು’ ಎಂದರೆ ಗಡಿಬಿಡಿ ಬೇಡ. ‘ಫೋಕಸ್ ಮಾಡಿ ಕೊಡ್ತೀನಿ ಸಾರ್’ ಎನ್ನಿ. 40 ಪಟ್ಟಿನ ಆಬ್ಜೆಕ್ಟಿವ್ ತಿರುಗಿಸಿ ಇಡಿ. ಫೈನ್ ನಾಬ್ ಮುಟ್ಟಬೇಡಿ. ಕೋರ್ಸ್ ನಾಬ್ ಹಿಡಿದು, ಕಣ್ಣನ್ನು ಐಪೀಸಿನಿಂದ ತೆಗೆಯದೆ, ಕೆಳಮುಖವಾಗಿ ಸಾವಧಾನವಾಗಿ ತಿರುಗಿಸುತ್ತಾ ಹೋಗಿ. ಕಟಕ್ ಎನ್ನುತ್ತದೆ. ತಕ್ಷಣ ತಲೆ ಎತ್ತಬೇಡಿ. ಇನ್ನರ್ಧ ಸುತ್ತು ತಿರುಗಿಸಿ, ಕವರ್‌ಸ್ಲಿಪ್ಪಿನೊಂದಿಗೆ ಸೆಕ್ಷನ್ನೂ ಪುಡಿಯಾಗಲಿ. ಆಮೇಲೆ ‘ಅಯ್ಯೋ ಸಾರ್’ ಎನ್ನಿ. ಗಾಜಿನ ಚೂರುಗಳನ್ನು ಬ್ರಷ್‌ನಿಂದ ಗುಡಿಸಿ ಕಸದ ಡಬ್ಬಿಗೆ ಹಾಕಿ. ಆಬ್ಜೆಕ್ಟಿವ್‌ನ ಮೂತಿಗೆ ಗೀರು ಬಿದ್ದಿದ್ದರೆ, ಮುಂದಿನ ಬ್ಯಾಚಿನ ಹುಡುಗ ಅದನ್ನು ಕೋಶದ ಗೋಡೆ ಎಂದು ಬಿಡಿಸಿಕೊಳ್ಳಲಿ ಬಿಡಿ.